ಇಲ್ಲದ ಅಣ್ಣ

ನಿನ್ನೆ ಸಂಜೆ ಅವ್ವ ಫೋನಿನಲ್ಲಿ ಆಡಿದ ಮಾತಿನ ಕೊನೆಗೆ ಒಂದು 'ಅಂತ' ಅಂಟಿಕೊಂಡಿತ್ತು. 'ಇಗ್ನಾತ ಆರಾಮ ಅದಾನಂತ' ಎಂದಿದ್ದಳು. ಇಷ್ಟು ದಿನ 'ಆರಾಮ ಅದಾನ' ಎನ್ನುತ್ತಿದ್ದವಳು. ವಿದ್ಯಾರ್ಥಿ ನಗರದಿಂದ ಹೊರಟ ಬಸ್ಸಿನಲ್ಲಿ ಕಂಬ ಹಿಡಿದು ನಿಂತಿದ್ದ ಅರ್ಸೇನಿಗೆ ಆ ಒಂದು ತುಣುಕು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಬೆಳಗಿನಿಂದ ಕಾಡುತ್ತಿತ್ತು. ಅಣ್ಣ ಇಗ್ನಾತ್ ತಾನೇ ಮಾತಾಡಿದ್ದರೆ ಅವ್ವ ಹಾಗೆ ಹೇಳುತ್ತಿರಲಿಲ್ಲ. ಯಾರೋ ಹೇಳಿದ್ದಾರೆ. ಯಾರು? ಅವ್ವ ಆಮೇಲೆ ದ್ರಾಕ್ಷಿ ಕೊಯ್ಲಿನ ಬಗ್ಗೆ, ಅಜ್ಜಿಯ ಮೊಣಕಾಲಿನ ಬಗ್ಗೆ, ಕರೆಂಟು ಹೋಗಿ ಬಂದು ಮಾಡುವುದರ ಬಗ್ಗೆ ಒಂದೇ ಉಸಿರಿನಲ್ಲಿ ಹೇಳಿದ್ದಳು. ಇವನೂ ಯಾರು ಹೇಳಿದರು ಎಂದು ಕೇಳಲಿಲ್ಲ. ಕೇಳದೆ ಇದ್ದದ್ದು ಮರೆತು ಅಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ ಎಂದು. ಬಸ್ಸಿನ ಗಾಜಿನಾಚೆ ವಿತೋಶಾ ಬೆಟ್ಟ ಸೊಂಟದವರೆಗೆ ಮಂಜು ಹೊದ್ದುಕೊಂಡಿತ್ತು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಗಿಣ್ಣು ತುಂಬಿ ಬೇಯಿಸಿದ ಬನಿತ್ಸಾ ತಿನ್ನುತ್ತಿದ್ದಳು. ನಾನು ಹೆದರಿದ್ದೇನೆ ಎಂದು ಇವರಿಗೆಲ್ಲ ಗೊತ್ತಾಗುತ್ತಿದೆಯೆ ಎಂದು ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರೂ ಅವನನ್ನು ನೋಡುತ್ತಿರಲಿಲ್ಲ.

ಬಲ್ಗೇರಿಯಾದ ಸೋಫಿಯಾಕ್ಕೆ ಬಂದಾಗಿನಿಂದ ಅವನಿಗೆ ಇದೊಂದು ಅಭ್ಯಾಸವಾಗಿತ್ತು, ತನ್ನ ಮುಖದ ಮೇಲೆ ಏನೋ ಬರೆದಿದೆ, ಅದನ್ನು ಎಲ್ಲರೂ ಓದುತ್ತಿದ್ದಾರೆ ಎಂದುಕೊಳ್ಳುವುದು. ಯುದ್ಧ ಶುರುವಾದ ಮೇಲೆ ಉಕ್ರೇನಿನಲ್ಲಿ ಹದಿನೆಂಟು ತುಂಬಿದ ಗಂಡಸು ದೇಶ ಬಿಟ್ಟು ಹೋಗುವಂತಿಲ್ಲ. ಅವನಿಗೆ ಹದಿನೆಂಟು ತುಂಬುವುದಕ್ಕೆ ಸ್ವಲ್ಪ ಮುಂಚೆ ಅವ್ವ ಅವನನ್ನು ಕರೆದುಕೊಂಡು ಬಂದು ಡ್ಯಾನ್ಯೂಬ್ ದಾಟುವ ದೋಣಿಯ ಮುಂದೆ ಸಾಲಿನಲ್ಲಿ ನಿಲ್ಲಿಸಿದ್ದಳು. ಇನ್ನೂರು ವರ್ಷಗಳ ಹಿಂದೆ ತುರ್ಕರಿಗೆ ಹೆದರಿ ಇದೇ ನದಿಯನ್ನು ಆ ಕಡೆಗೆ ದಾಟಿಹೋದ ಬಲ್ಗೇರಿಯನ್ನರ ವಂಶ ಅವರದ್ದು. ಹೋದವರು ಯಾಲ್ಪುಗ್ ಸರೋವರದ ದಂಡೆಯಲ್ಲಿ ಹಳ್ಳಿ ಕಟ್ಟಿ, ದ್ರಾಕ್ಷಿ ನೆಟ್ಟು, ಉಕ್ರೇನಿನವರಾಗಿ ಉಳಿದರು. ಮಾತನ್ನು ಮಾತ್ರ ಹೋದ ದಿನ ಹೇಗಿತ್ತೋ ಹಾಗೇ ಇಟ್ಟುಕೊಂಡರು. ಆ ಮಾತಿನ ಆಧಾರದ ಮೇಲೆಯೇ ಅವನಿಗೆ ಇಲ್ಲಿ ಓದುವ ಜಾಗ ಸಿಕ್ಕಿದ್ದು. ಗಡಿಯ ಕಾವಲಿನವನು ಇಗ್ನಾತನ ವಯಸ್ಸಿನವನೇ ಇರಬೇಕು. ಜನ್ಮದಿನಾಂಕ ನೋಡಿದ, ಅರ್ಸೇನಿಯ ಮುಖ ನೋಡಿದ, ಮತ್ತೆ ದಿನಾಂಕ ನೋಡಿದ. 'ಓದು, ಓದು' ಎಂದ. ಅಷ್ಟೇ. ಹರಸಿದನೋ, ಹಂಗಿಸಿದನೋ? ದೋಣಿ ಹೊರಟ ಮೇಲೂ, ರುಮೇನಿಯಾದ ಬಯಲಿನಲ್ಲಿ ಬಸ್ಸು ಓಡುವಾಗಲೂ, ಈಗಲೂ ಅವನು ಆ ಎರಡು ಮಾತುಗಳನ್ನು ಬೇರೆ ಬೇರೆ ದನಿಯಲ್ಲಿ ಹೇಳಿಕೊಂಡು ನೋಡುತ್ತಾನೆ. ಯಾವ ದನಿಯಲ್ಲಿ ಹೇಳಿಕೊಂಡರೂ ಕೊನೆಗೆ ಕಿವಿಯ ಬುಡ ಬಿಸಿಯಾಗುತ್ತದೆ.

ಬಂದ ಮೊದಲ ವಾರವೇ ಆ ಸೈರನ್ ಪ್ರಸಂಗ ನಡೆಯಿತು. ಸೋಪು ಕೊಳ್ಳಲು ಅಂಗಡಿಯೊಳಗೆ ನಿಂತಿದ್ದಾಗ ಊರಿಗೆ ಊರೇ ಊಳಿಟ್ಟಂತೆ ಸೈರನ್ ಮೊಳಗಿತು. ಆಮೇಲೆ ಏನಾಯಿತೆಂದು ಅವನಿಗೆ ಕ್ರಮವಾಗಿ ನೆನಪಿಲ್ಲ. ನೆನಪಿರುವುದು ತಾನು ಹಿಟ್ಟಿನ ಚೀಲಗಳ ಹಿಂದೆ ಗೋಡೆಗೆ ಬೆನ್ನು ಕೊಟ್ಟು, ತಲೆಯ ಮೇಲೆ ಕೈಯಿಟ್ಟುಕೊಂಡು ಕೂತದ್ದು, ಒಂದು ಪುಟ್ಟ ಹುಡುಗಿ ಅವನನ್ನು ಕುತೂಹಲದಿಂದ ನೋಡುತ್ತಿದ್ದದ್ದು. ಅಂಗಡಿಯ ಹೆಂಗಸು ಬಂದು, 'ಏಳು ತಮ್ಮಾ, ಇದು ವರ್ಷಕ್ಕೆರಡು ಸಲ ಕೆಟ್ಟಿದ್ಯೋ ಸರಿಯಿದ್ಯೋ ಅಂತ ಊದಿ ನೋಡೋದು' ಎಂದಳು. ಅವಳ ದನಿಯಲ್ಲಿ ಕರುಣೆಯೇ ಇತ್ತು. ಅವನು ಎದ್ದು, ಹಿಟ್ಟು ಕೊಡವಿಕೊಂಡು, ಕ್ಷಮಿಸಬೇಕು ಎಂದು ತನ್ನ ಹಳ್ಳಿಯ ಮಾತಿನಲ್ಲಿ ಹೇಳಿದ. ಸಾಲಿನಲ್ಲಿದ್ದ ಒಬ್ಬ ಮುದುಕ, 'ಅಯ್ಯೋ, ನಮ್ಮ ಮುತ್ತಜ್ಜಿ ಹೀಗೇ ಮಾತಾಡ್ತಿದ್ಲು ಕಣಯ್ಯ, ಯಾವ ಗೋರಿಯಿಂದ ಎದ್ದು ಬಂದೆ ನೀನು?' ಎಂದ. ಎಲ್ಲರೂ ನಕ್ಕರು, ಕೆಟ್ಟ ನಗುವೇನಲ್ಲ. ಅವನು ಸೋಪನ್ನು ಅಲ್ಲೇ ಬಿಟ್ಟು ಬಂದ. ಆಚೆಗೆ ಬಂದ ಮೇಲೆ ಹೊಳೆಯಿತು: ಇಗ್ನಾತ್ ಇರುವ ಯುದ್ಧದ ಮುಂಚೂಣಿಯಲ್ಲಿ ಸೈರನ್ ಕೂಡ ಊದುವುದಿಲ್ಲವಂತೆ. ಊದುವಷ್ಟು ಸಮಯವಿರುವುದಿಲ್ಲ.

ಮನೆಯವರ ಲೆಕ್ಕದಿಂದ ಅಣ್ಣನನ್ನು ಅವನು ಕಳೆದದ್ದು ಬಂದ ಮೊದಲ ಸಂಜೆಯೇ. ಕಳೆದದ್ದು ಎಂಬ ಮಾತು ಅವನಿಗೆ ತಾನಾಗಿ ಹೊಳೆದದ್ದು, ಹೊಳೆದ ಮೇಲೆ ಹೋಗಲಿಲ್ಲ. ಕೋಣೆಯ ಜೊತೆಗಾರ ಪ್ಲಾಮೆನ್, ವಿದಿನ್ ಕಡೆಯ ದಪ್ಪ ಕತ್ತಿನ, ಒಳ್ಳೆಯ ಮನಸ್ಸಿನ ಹುಡುಗ. ತಾಯಿ ಮಾಡಿ ಕಳಿಸಿದ್ದ ಕೆಂಪು ಮೆಣಸಿನ ಚಟ್ನಿಯ ಬಾಟಲಿ ತೆರೆದು, ಬ್ರೆಡ್ಡಿಗೆ ಹಚ್ಚಿ ಕೊಟ್ಟು, ಮನೇಲಿ ಯಾರ್ಯಾರಿದ್ದೀರಿ ಎಂದು ಕೇಳಿದ. ಅವ್ವ, ಅಜ್ಜಿ, ನಾನು. ಅಪ್ಪ ಹೋಗಿ ಬಹಳ ವರ್ಷ. 'ಅಣ್ಣ ತಮ್ಮ ಯಾರೂ ಇಲ್ವಾ?' ಇದ್ದಾನೆ ಎಂದರೆ ಎಲ್ಲಿದ್ದಾನೆ ಎಂದು ಕೇಳುತ್ತಾನೆ. ಯುದ್ಧದಲ್ಲಿ ಎಂದರೆ ಮುಂದೆ ಏನೂ ಕೇಳುವುದಿಲ್ಲ, ಬ್ರೆಡ್ಡು ಅಗಿಯುತ್ತ ಸುಮ್ಮನೆ ನೋಡುತ್ತಾನೆ. ಆ ಸುಮ್ಮನಿರುವಿಕೆಯನ್ನು ಎದುರಿಸಲಾರೆ ಎಂದು ಅರ್ಸೇನಿಗೆ ಅನಿಸಿತು. 'ಇಲ್ಲ' ಎಂದ. ಎಷ್ಟು ಸಲೀಸಾಗಿ ಬಂತು ಆ ಮಾತು. ಬಾಯಲ್ಲಿ ಚಟ್ನಿಯ ಸಿಹಿ ಖಾರ ಇತ್ತು. ಪ್ಲಾಮೆನ್, ಹಾಗಾದ್ರೆ ನಾನೇ ನಿನ್ನಣ್ಣ, ಕಸ ನೀನೇ ಹೊರಗೆ ಹಾಕ್ಬೇಕು ಎಂದು ನಕ್ಕ. ಅವತ್ತಿನಿಂದ ಅವನು ಅವ್ವನ ಜೊತೆ ಮಾತಾಡಬೇಕಾದರೂ ಕಟ್ಟಡದ ಹಿಂದೆ ಕಸದ ತೊಟ್ಟಿಗಳ ಹತ್ತಿರ ಹೋಗಿ ನಿಲ್ಲುತ್ತಿದ್ದ. ಇಗ್ನಾತನ ಜೊತೆ ಇಬ್ಬರೂ ಟ್ರಾಕ್ಟರಿನ ಮೇಲೆ ಕೂತು ತೆಗೆಸಿಕೊಂಡ ಚಿತ್ರ ಪೆಟ್ಟಿಗೆಯ ತಳ ಸೇರಿತು.

ಮತ್ತೆ ಆ ಕರೆ. ಅದನ್ನು ಯೋಚಿಸಬಾರದು ಎಂದುಕೊಂಡೇ ಪ್ರತಿದಿನ ಯೋಚಿಸುತ್ತಾನೆ. ಕೆಲವು ವಾರಗಳ ಹಿಂದಿನ ಒಂದು ಭಾನುವಾರ ಮಧ್ಯಾಹ್ನ. ಪ್ಲಾಮೆನ್ ಎದುರಿನ ಮಂಚದಲ್ಲಿ ಕಾಲು ಚಾಚಿ ಓದುತ್ತಿದ್ದ. ಮೇಜಿನ ಮೇಲಿದ್ದ ಫೋನಿನ ತುಂಬ ಇಗ್ನಾತ್ ತನ್ನ ಹೆಸರಿಗೆ ಹಾಕಿಕೊಂಡಿದ್ದ ಚಿತ್ರದ ಮುಖ ಬಂತು, ಗಡ್ಡ ಬಿಟ್ಟ, ಕಣ್ಣು ಒಳಗೆ ಹೋದ ಮುಖ, ಹಿಂದೆ ಯಾವುದೋ ನೆಲಮಾಳಿಗೆಯ ಮಣ್ಣಿನ ಗೋಡೆ. ವೀಡಿಯೋ ಕರೆ ಎತ್ತಿದರೆ ದನಿ ಕೋಣೆ ತುಂಬುತ್ತದೆ, ಲೇ ಅರ್ಸೇನಿ, ಏನಲೇ ತಮ್ಮಾ ಎನ್ನುತ್ತಾನೆ. ಹೊರಗೆ ಹೋಗಿ ಎತ್ತಬಹುದಿತ್ತು. ಅದು ಹೊಳೆಯುವ ಮುಂಚೆಯೇ ಹೆಬ್ಬೆರಳು ಕೆಂಪು ಗುರುತನ್ನು ಒತ್ತಿತ್ತು. ಅಣ್ಣನ ಮುಖ ಮಿಣುಕಿ ಆರಿತು. ಆಮೇಲೆ ತೊಟ್ಟಿಗಳ ಹತ್ತಿರ ಹೋಗಿ ಎಷ್ಟು ಸಲ ಪ್ರಯತ್ನಿಸಿದರೂ ಆ ಕಡೆ ಸಿಗಲಿಲ್ಲ. ಆ ದಿನದಿಂದ ಇಗ್ನಾತ್ ಅವನಿಗೆ ಕರೆ ಮಾಡಿಲ್ಲ. ಇಲ್ಲ ಎಂದು ನಾನು ಅಂದೆ, ಆಮೇಲೆ ಇಲ್ಲವಾದ ಎಂಬ ಹುಚ್ಚು ಲೆಕ್ಕವೊಂದು ಅವನ ತಲೆಯಲ್ಲಿ ಆಗಲೇ ಬೇರುಬಿಟ್ಟಿತ್ತು. ಇದು ಅಜ್ಜಿಯ ಮೂಢನಂಬಿಕೆ ಎಂದು ಅವನು ಎಷ್ಟು ಗದರಿಸಿಕೊಂಡರೂ ಅದು ಬಿಡಲಿಲ್ಲ.

ತರಗತಿಯಲ್ಲಿ ಅವನು ಯಾವಾಗಲೂ ಹಿಂದಿನ ಸಾಲಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದ. ಪ್ಲಾಮೆನ್ ಎರಡು ಸಾಲು ಮುಂದೆ. ಉಪಭಾಷೆಗಳ ಪಾಠ ಮಾಡುತ್ತಿದ್ದ ವೆಸೆಲಿನಾ ಮಿಂಚೇವಾ ಬಿಳಿಗೂದಲಿನ, ಚುರುಕು ಕೈಗಳ ಹೆಂಗಸು. ಅರ್ಸೇನಿ ಎಲ್ಲಿಯವನೆಂದು ತಿಳಿದ ದಿನದಿಂದ ಅವಳ ಕಣ್ಣು ಅವನ ಮೇಲಿತ್ತು, ಹಳೆಯ ಪಾತ್ರೆ ಕಂಡ ವ್ಯಾಪಾರಿಯ ಕಣ್ಣಿನ ಹಾಗೆ. ಇವತ್ತು ಅವಳು ಕ್ರಿಯಾಪದಗಳ ಬಗ್ಗೆ ಹೇಳುತ್ತಿದ್ದಳು. ನಮ್ಮ ಭಾಷೆ ಪ್ರಾಮಾಣಿಕವಾದದ್ದು, ಕಂಡದ್ದನ್ನು ಹೇಳುವ ರೂಪ ಒಂದು, ಕೇಳಿದ್ದನ್ನು ಹೇಳುವ ರೂಪ ಇನ್ನೊಂದು, ಬಾಯಿಬಿಟ್ಟರೆ ಸಾಕು ನೀವು ಅಲ್ಲಿದ್ದಿರೋ ಇಲ್ಲವೋ ಗೊತ್ತಾಗಿಬಿಡುತ್ತದೆ ಎಂದಳು. ಅರ್ಸೇನಿ ತಲೆ ತಗ್ಗಿಸಿದ. ಅವನ ಭಯ ನಿಜವಾಯಿತು, ಅವಳು ಅವನ ಹೆಸರು ಹಿಡಿದು ಕರೆದಳು. ಧ್ವನಿಮುದ್ರಣದ ಪುಟ್ಟ ಯಂತ್ರವನ್ನು ಮುಂದಿನ ಮೇಜಿನ ಮೇಲಿಟ್ಟು, ನಿನ್ನ ಊರಿನ ಮಾತಿನಲ್ಲೇ ನೀನು ಕಣ್ಣಾರೆ ಕಂಡ ಏನಾದರೊಂದು ಹೇಳು, ನಾಚಿಕೊಳ್ಳಬೇಡ, ನೀನು ನಮಗೆ ಒಂದು ನಿಧಿ ಎಂದಳು. ಯಾರೋ ಹುಡುಗಿ ಕಿಸಕ್ಕೆಂದಳು. ಅವನು ಮುಂದೆ ಹೋಗಿ ನಿಂತ. ಯಂತ್ರದ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಎಲ್ಲವೂ ಮರೆತುಹೋಗಿ ಒಂದೇ ಒಂದು ನೆನಪು ನಾಲಿಗೆಗೆ ಬಂತು, ಅದು ಬರಬಾರದಾಗಿತ್ತು.

'ಕೆರಿ ನೀರು ಹೆಪ್ಪುಗಟ್ಟಿತ್ರಿ' ಎಂದು ಶುರುಮಾಡಿದ. 'ನಾ ಸಣ್ಣಾವಿದ್ದೆ. ಮೀನಿಗಿ ಹೋಗಿದ್ವಿ. ಕಾಲ ಬುಡಕ ಬರ್ಫ ಲಟ್ಟನೆ ಒಡೀತು. ನಾ ಎದಿಮಟ ನೀರಾಗ ಹೋದ್ನಿ. ಅಣ್ಣ ಓಡಿ ಬರ್ಲಿಲ್ಲ. ಓಡಿ ಬಂದಿದ್ರ ಇಬ್ರೂ ಮುಳಗ್ತಿದ್ವಿ. ಹೊಟ್ಟಿ ಮ್ಯಾಲ ಮಲಕೊಂಡು, ಹಾವಿನಂಗ ಸರಕೋತ ಬಂದು, ಸೊಂಟದ ಪಟ್ಟಾ ಬಿಚ್ಚಿ ಒಗದ. ಹಿಡೀ, ನನ್ನ ಮಾರಿ ನೋಡು, ನೀರು ನೋಡಬ್ಯಾಡ ಅಂದ.' ಯಾರೂ ನಗುತ್ತಿರಲಿಲ್ಲ. ತನ್ನ ಸಾಲಿನಿಂದ ಪ್ಲಾಮೆನ್ ತಲೆಯೆತ್ತಿ ನೋಡುತ್ತಿದ್ದ. ಅವನ ಮುಖದಲ್ಲಿ ಆಶ್ಚರ್ಯವಿರಲಿಲ್ಲ, ಅದೇ ಅರ್ಸೇನಿಗೆ ವಿಚಿತ್ರವಾಗಿ ಕಂಡಿತು. ಮಿಂಚೇವಾ ಕೈ ಕೈ ಉಜ್ಜಿಕೊಂಡಳು. ಅದ್ಭುತ, ಈಗ ಇದನ್ನೇ ನೀನು ಅಲ್ಲಿ ಇರಲೇ ಇಲ್ಲ, ಯಾರೋ ಹೇಳಿದ್ದನ್ನು ಕೇಳಿದ್ದೀಯ ಎಂಬಂತೆ ಹೇಳು ಎಂದಳು. ಅವನು ಬಾಯಿ ತೆರೆದ. ಕೆರೆ ಹೆಪ್ಪುಗಟ್ಟಿತ್ತಂತ, ಎಂದು ಒಂದು ವಾಕ್ಯ ಹೇಳಿದ. ಮುಂದಿನದು ಬರಲಿಲ್ಲ. ಅವಳು ನೆರವಿಗೆ ಬಂದಳು. 'ಹೇಳಪ್ಪ, ಕಷ್ಟ ಇಲ್ಲ. ಅವನಿಗೆ ಒಬ್ಬ ಅಣ್ಣ ಇದ್ದನಂತೆ. ಅಲ್ಲಿಂದ ಶುರುಮಾಡು.'

ಅವನಿಗೆ ಒಬ್ಬ ಅಣ್ಣ ಇದ್ದನಂತೆ. ಅವಳ ತುಟಿ ಅಲುಗಿದ್ದನ್ನು ಅವನು ಕಂಡ. ಮಾತು ಸ್ವಲ್ಪ ತಡವಾಗಿ, ನೀರಿನೊಳಗಿಂದ ಕೇಳಿದ ಹಾಗೆ ಕೇಳಿಸಿತು. 'ಒಲ್ಲೆರಿ' ಎಂದ. ಏನು ಎಂದು ಅವಳು ಕೇಳಿದಳು. 'ನಾ ಹೇಳೂದಿಲ್ರಿ' ಎಂದವನು ಚೀಲವನ್ನೂ ತೆಗೆದುಕೊಳ್ಳದೆ ಬಾಗಿಲು ತೆರೆದು ಹೊರಗೆ ಬಂದ. ಹಿಂದಿನಿಂದ ಮಿಂಚೇವಾ ಏನೋ ಕೂಗಿದಳು, ಪಾಪ, ಹುಷಾರಿಲ್ಲವೇನೋ ಎಂಬಂತಹ ಮಾತು. ಕಾರಿಡಾರಿನ ಉದ್ದಕ್ಕೂ ಗೋಡೆ ಸವರುತ್ತ ನಡೆದ. ಈಗ ನನ್ನನ್ನು ಊರಿಗೆ ಕಳಿಸಿಬಿಡುತ್ತಾರೆ ಎಂದು ಮೊದಲು ಅನಿಸಿತು. ಕಳಿಸಿದರೆ ಗಡಿ. ಗಡಿಯಲ್ಲಿ ಈಗ ಹದಿನೆಂಟು ತುಂಬಿದ ನಾನು. ಭಯ ಎಷ್ಟು ಬೇಗ ತನ್ನ ಕಡೆಗೇ ತಿರುಗಿಕೊಂಡಿತು ಎಂಬುದನ್ನು ಗಮನಿಸಿ ಅವನಿಗೆ ಅಸಹ್ಯವಾಯಿತು.

ಪ್ಲಾಮೆನ್ ಅವನ ಚೀಲ ಹಿಡಿದುಕೊಂಡು ಹಿಂದೆಯೇ ಬಂದಿದ್ದ. ಕಟ್ಟಡದ ಎದುರಿನ ತೋಟದಲ್ಲಿ, ಎಲೆ ಉದುರುತ್ತಿದ್ದ ಚೆಸ್ಟ್‌ನಟ್ ಮರಗಳ ಕೆಳಗೆ, ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಮುದುಕರು ಚದುರಂಗ ಆಡುತ್ತಿದ್ದರು. ಪ್ಲಾಮೆನ್ ಬಹಳ ಹೊತ್ತು ಬೂಟಿನ ತುದಿಯಿಂದ ಎಲೆಗಳನ್ನು ಗುಡ್ಡೆ ಮಾಡಿದ. ನಾನು ಸುಳ್ಳು ಹೇಳಿದ್ದೆ ಎಂದು ಅರ್ಸೇನಿಯೇ ಮೊದಲು ಹೇಳಿದ.

'ನಂಗೆ ಗೊತ್ತಿತ್ತು ಕಣೋ' ಎಂದ ಪ್ಲಾಮೆನ್, ಎಲೆಗಳನ್ನೇ ನೋಡುತ್ತ.

ಆ ಭಾನುವಾರದ ಮರುದಿನ ಬೆಳಗ್ಗೆ ಅರ್ಸೇನಿ ಸ್ನಾನಕ್ಕೆ ಹೋಗಿದ್ದಾಗ ಫೋನು ಬಡಿದುಕೊಂಡಿತಂತೆ. ಒಂದು ಸಲ ನಿಂತು ಮತ್ತೆ ಬಡಿದುಕೊಂಡಿತು. ತುರ್ತು ಏನೋ ಇರಬೇಕೆಂದು ಪ್ಲಾಮೆನ್ ಎತ್ತಿದ. ಗಡ್ಡದವನೊಬ್ಬ ಕಾಣಿಸಿ, ಅರ್ಸೇನಿ ಎಲ್ಲಿ ಎಂದ, ನೀವ್ಯಾರು ಎಂದರೆ ಅವನ ಅಣ್ಣ ಎಂದ. ಯಾರೋ ಊರಿನ ಗೆಳೆಯ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಪ್ಲಾಮೆನ್ ನಗುತ್ತಲೇ ಹೇಳಿಬಿಟ್ಟ.

'ಅವನಿಗೆ ಅಣ್ಣಾನೇ ಇಲ್ವಲ್ಲ, ಅವನೇ ಹೇಳಿದ್ದಾನೆ ಅಂದೆ' ಎಂದ ಪ್ಲಾಮೆನ್. ಅವನ ದಪ್ಪ ಕತ್ತು ಕೆಂಪಾಗಿತ್ತು. 'ಅಂದ್ಮೇಲೆ ಅವನ ಮುಖ ನೋಡಿದೆ. ನಿಜ ಅಂತ ಗೊತ್ತಾಗೋಯ್ತು. ಏನು ಹೇಳ್ಬೇಕು ಗೊತ್ತಾಗ್ಲಿಲ್ಲ.'

ಅವನೇನಂದ ಎಂದು ಅರ್ಸೇನಿ ಕೇಳಿದ. ಕೇಳಿದ್ದು ತನಗೇ ಕೇಳಿಸಲಿಲ್ಲ.

'ನಕ್ಕ. ಒಂದು ನಿಮಿಷ ಸುಮ್ನಿದ್ದು ಆಮೇಲೆ ನಕ್ಕ. ಹೌದೇನು, ಹಂಗಿದ್ರ ಊರಾಂವ ಫೋನ್ ಮಾಡಿದ್ದ ಅನ್ನು ಅಂದ. ಆಮೇಲೆ, ಬ್ಯಾಡ ಬಿಡು, ಏನೂ ಹೇಳಬ್ಯಾಡ, ಅಂವ ಮನಸಿಗೆ ಹಚ್ಕೋತಾನ ಅಂದ. ಅದಕ್ಕೇ ನಾನು ಹೇಳ್ಲಿಲ್ಲ, ಫೋನಿಂದ ಆ ಕರೆಯ ಗುರುತೂ ಅಳಿಸ್ಬಿಟ್ಟೆ. ದಿನಾ ಹೇಳೋಣ ಅಂತ ಅನ್ಕೋತಿದ್ದೆ.'

ವಿದಿನ್ ಹುಡುಗನ ಬಾಯಿಂದ ಇಗ್ನಾತನ ಮಾತು ಇಗ್ನಾತನದೇ ಧಾಟಿಯಲ್ಲಿ ಬಂದಿತ್ತು. ಅರ್ಸೇನಿ ಹೊಡೆಸಿಕೊಂಡವನಂತೆ ಮುಖ ತಿರುಗಿಸಿದ. ಚದುರಂಗದ ಮುದುಕನೊಬ್ಬ ಕುದುರೆ ಎತ್ತಿ ಇಡುವುದಕ್ಕೆ ಜಾಗ ಕಾಣದೆ ಗಾಳಿಯಲ್ಲೇ ಹಿಡಿದುಕೊಂಡಿದ್ದ. ಎದೆಯೊಳಗೆ ಏನೋ ಒಂದು, ಇಷ್ಟು ದಿನ ಭಯ ಎಂದು ಕರೆದುಕೊಂಡಿದ್ದ ಅದು, ಈಗ ಬೇರೆ ಮುಖ ತೋರಿಸಿತು. ಅಣ್ಣನಿಗೆ ಏನಾದರೂ ಆಗಿದೆ ಎಂಬುದಷ್ಟೇ ಅಲ್ಲ, ಏನಾದರೂ ಆಗುವ ಮುಂಚೆ ಅಣ್ಣನಿಗೆ ಗೊತ್ತಾಗಿತ್ತು ಎಂಬುದು. ಅವನು ಅಲ್ಲೇ, ಪ್ಲಾಮೆನ್ ಪಕ್ಕದಲ್ಲಿ ಕೂತಿರುವಾಗಲೇ, ಅವ್ವನಿಗೆ ಕರೆ ಮಾಡಿದ. ಕಸದ ತೊಟ್ಟಿಗಳ ಹತ್ತಿರ ಹೋಗಬೇಕೆಂದು ಅನಿಸಲೇ ಇಲ್ಲ.

ಅವ್ವ ಎತ್ತಿದ ಕೂಡಲೇ, ಉಂಡೆಯಾ ಎಂದಳು. ಅವನು ಉಣ್ಣುವ ಮಾತಿಗೆ ಹೋಗಲಿಲ್ಲ. ಯಾರು ಹೇಳಿದರು ನಿನಗೆ ಇಗ್ನಾತ ಆರಾಮ ಇದ್ದಾನೆಂದು, ಹೆಸರು ಹೇಳು ಎಂದ. ಆ ಕಡೆ ಕೋಳಿಗಳ ಸದ್ದು ಕೇಳಿಸುತ್ತಿತ್ತು. ಅಜ್ಜಿ ಯಾರಿಗೋ ಬೈಯುತ್ತಿದ್ದಳು. ಅವ್ವ ನಡೆದುಹೋಗಿ ಬಾಗಿಲು ಮುಚ್ಚಿಕೊಂಡದ್ದು ಅವನಿಗೆ ಗೊತ್ತಾಯಿತು.

'ನಿನಗ ಹೇಳಬಾರದು ಅಂತ ಮಾಡಿದ್ದೆ' ಎಂದಳು. ಗಾಯಾಳುಗಳನ್ನು ತರಲು ಗಾಡಿ ಓಡಿಸಿಕೊಂಡು ಹೋದವನು ಹಿಂತಿರುಗಿ ಬಂದಿಲ್ಲವಂತೆ. ಗಾಡಿ ಸುಟ್ಟದ್ದನ್ನು ಕಂಡವರಿದ್ದಾರೆ, ಇಗ್ನಾತನನ್ನು ಕಂಡವರಿಲ್ಲ. ಸೆರೆ ಸಿಕ್ಕಿರಬಹುದು ಎಂದು ಅವನ ಜೊತೆಗಾರನೊಬ್ಬ ಹೇಳಿದ್ದಾನೆ. ಸೆರೆ ಸಿಕ್ಕವರಿಗೆ ಅಲ್ಲಿ ಊಟ ಕೊಡುತ್ತಾರೆ, ಸೆರೆಯಾಳುಗಳನ್ನು ಅದಲುಬದಲು ಮಾಡಿ ಬಿಡಿಸಿಕೊಂಡೂ ಬರುತ್ತಾರೆ, ಹಾಗಾಗಿ ಆರಾಮ ಇದ್ದಾನೆಂದೇ ತಿಳಿಯಬೇಕು ಎಂದು ಒಪ್ಪಿಸಿದಂತೆ ಹೇಳಿದಳು. 'ನೀ ಬರಬ್ಯಾಡ. ಕೇಳಾಕತ್ತಿಯಿಲ್ಲೋ? ಬಂದಿ ಅಂದ್ರ ಮತ್ತ ಬಿಡೂದಿಲ್ಲ ನಿನ್ನ. ನನಗ ಒಬ್ಬಾಂವರ ಉಳೀಬೇಕು.'

ಬರಬೇಡ ಎಂಬ ಮಾತು ಕಿವಿಗೆ ಬಿದ್ದಾಗ ಅವನ ಮೈಯಲ್ಲಿ ಸಣ್ಣದೊಂದು ಹಗುರ ಹಾದುಹೋಯಿತು. ಬಿಗಿದ ಭುಜ ತಾನಾಗಿ ಕೆಳಗಿಳಿಯಿತು. ಅಣ್ಣ ಕಾಣೆಯಾಗಿದ್ದಾನೆ ಎಂದು ಕೇಳಿದ ಮೈ ಮೊದಲು ಮಾಡಿದ್ದು ಇದನ್ನು. ಅವನು ಅದನ್ನು ಕಂಡ, ಕಂಡು ಮರೆಯಲಾಗದು ಎಂದು ಗೊತ್ತಾಯಿತು. ಅವ್ವ ಇನ್ನೂ ಮಾತಾಡುತ್ತಿದ್ದಳು, ಈಗ ಬೇರೆಯೇ ದನಿಯಲ್ಲಿ, ಮಗನೊಬ್ಬನ ಹತ್ತಿರ ಏನನ್ನೋ ಬೇಡುವ ದನಿಯಲ್ಲಿ.

'ಅವತ್ತ ಸೋಮಾರ ನನಗ ಮಾಡಿದ್ದ ನೋಡು, ಹೋಗೂಕಿಂತ ಮೊದಲ. ನಾ ದ್ರಾಕ್ಷಿ ತೋಟದಾಗ ಇದ್ದೆ, ಗಾಳಿ ಭಾಳ ಇತ್ತು, ಅರ್ಧಾ ಮಾತು ಕೇಳಸ್ಲೇ ಇಲ್ಲ. ಆಮ್ಯಾಲೆ ಮಾಡ್ತೀನಿ ಇಡು ಅಂದ್ನಿ. ನಾನಽ ಇಡು ಅಂದ್ನಿ ಅರ್ಸೇನಿ. ಆದ್ರ ಒಂದು ಮಾತು ಚಲೋ ಕೇಳಿಸ್ತು. ಈಗಷ್ಟ ತಮ್ಮನ ಜೋಡಿ ಮಾತಾಡಿದೆ ಅವ್ವಾ, ಭಾಳ ಹೊತ್ತು ಮಾತಾಡಿದ್ವಿ, ಖುಷಿಯಾತು ಅಂದ. ನಿನಗ ಎಲ್ಲಾ ಹೇಳಿರ್ತಾನ. ಏನಂದ? ಅದನ್ನರ ಹೇಳು ನನಗ.'

ಅರ್ಸೇನಿ ಪ್ಲಾಮೆನ್‌ನತ್ತ ನೋಡಿದ. ಫೋನಿನ ದನಿ ಅವನಿಗೂ ಕೇಳಿಸುತ್ತಿತ್ತು, ಅವನು ಎಲೆಗಳನ್ನು ಗುಡ್ಡೆ ಮಾಡುವುದನ್ನು ನಿಲ್ಲಿಸಿದ್ದ. ಇಲ್ಲವ್ವಾ, ಅವನು ನನ್ನ ಜೊತೆ ಮಾತಾಡಲೇ ಇಲ್ಲ, ನಾನು ಅವನ ಮುಖ ಆರಿಸಿದೆ, ನಾನು ಅಣ್ಣನೇ ಇಲ್ಲವೆಂದೆ. ಹೇಳಬೇಕಾದ ಮಾತುಗಳು ಇಷ್ಟೇ. ಆದರೆ ಇಗ್ನಾತ್ ತಾನು ಹೋಗುವ ಮುಂಚೆ ಒಂದು ಸುಳ್ಳನ್ನು ಅವ್ವನ ಕೈಯಲ್ಲಿ ಇಟ್ಟು ಹೋಗಿದ್ದ. ಅದನ್ನು ಈಗ ಅವಳ ಕೈಯಿಂದ ಕಿತ್ತುಕೊಳ್ಳಬೇಕಾದವನು ತಾನು.

'ಹೇಳಲೋ' ಎಂದಳು ಅವ್ವ. 'ಸುಮ್ನ್ಯಾಕ ನಿಂತಿ?'

'ಇಲ್ಲಿ ಊಟದ ಸುದ್ದಿ ಕೇಳಿದ' ಎಂದ ಅರ್ಸೇನಿ. 'ಬೆಣ್ಣಿ ಹಂಗ ಬೆಳದಿರಬೇಕು, ಹೊಳ್ಳಿ ಬಂದಾಗ ಟ್ರಾಕ್ಟರ್ ಹತ್ತಾಕ ಬರತೈತೋ ಇಲ್ಲೋ ಅಂದ.'

ಅವ್ವ ಮೂಗಿನಿಂದ ಸದ್ದು ಮಾಡಿದಳು, ನಗುವೋ ಅಳುವೋ. ಮತ್ತೇನಂದ ಎಂದಳು. ಅವನು ಹೇಳಿದ. ಅಜ್ಜಿಯ ಮೊಣಕಾಲಿನ ಬಗ್ಗೆ ಕೇಳಿದ್ದು, ಮೇಲಿನ ತೋಟದ ಬಳ್ಳಿಗಳನ್ನು ಈ ಸಲ ಕತ್ತರಿಸಬಾರದು ಎಂದದ್ದು, ಇಲ್ಲಿಯ ಹುಡುಗಿಯರ ಬಗ್ಗೆ ಏನೋ ಚೇಷ್ಟೆ ಮಾಡಿದ್ದು. ಒಂದೊಂದು ಮಾತೂ ಇಗ್ನಾತ್ ಆಡಬಹುದಾಗಿದ್ದದ್ದೇ. ಅದಕ್ಕೇ ಹೇಳುವುದು ಸುಲಭವಾಗಿತ್ತು, ಅದಕ್ಕೇ ಭಯಂಕರವಾಗಿತ್ತು. ಹೇಳುತ್ತ ಹೇಳುತ್ತ ಆ ಸೋಮವಾರದ ಮಾತುಕತೆ ನಿಜವಾಗಿ ನಡೆದಂತೆ ಅವನ ಕಣ್ಣ ಮುಂದೆ ಕಟ್ಟಿಕೊಳ್ಳತೊಡಗಿತು. ಇನ್ನು ಬದುಕಿರುವವರೆಗೂ ಅವ್ವ ಅದನ್ನು ಮತ್ತೆ ಮತ್ತೆ ಕೇಳುತ್ತಾಳೆ, ತಾನು ಒಂದು ಶಬ್ದವೂ ಆಚೀಚೆ ಆಗದಂತೆ ಹೇಳಬೇಕಾಗುತ್ತದೆ ಎಂದು ಅವನಿಗೆ ತಿಳಿಯಿತು.

ಆಮೇಲೆ ಅವ್ವ ತೀರ ಮೆಲ್ಲಗೆ, ಪಕ್ಕದ ಕೋಣೆಯಲ್ಲಿರುವ ಅಜ್ಜಿಗೂ ಕೇಳಿಸಬಾರದು ಎಂಬಂತೆ ಕೇಳಿದಳು.

'ಹೆದರಿದ್ನೇನು?'

ಪ್ಲಾಮೆನ್ ಅವನನ್ನೇ ನೋಡುತ್ತಿದ್ದ. ಇಷ್ಟು ಹೊತ್ತು ಹೇಳಿದ್ದೆಲ್ಲ ಸುಳ್ಳೆಂದು ಬಲ್ಲ ಒಬ್ಬನೇ ಸಾಕ್ಷಿ. ಅರ್ಸೇನಿ ಕಣ್ಣು ತಪ್ಪಿಸಲಿಲ್ಲ.

'ಇಲ್ಲವ್ವಾ' ಎಂದ. 'ನಕ್ಕ. ಒಂಚೂರು ಸುಮ್ನಿದ್ದು, ಆಮ್ಯಾಲೆ ನಕ್ಕ.'